ಅತ್ತೆಯ ಮೂರನೆಯ ಪ್ರಶ್ನೆ

ನನ್ನ ಅತ್ತೆ ದೆವ್ವ ಬಿಡಿಸುತ್ತಿದ್ದರು. ಸಾಸಲು ಹೋಬಳಿಯ ನಮ್ಮ ಹಳ್ಳಿಯಲ್ಲಿ ಅದೇನೂ ದೊಡ್ಡ ಸಂಗತಿಯಾಗಿರಲಿಲ್ಲ. ಒಬ್ಬರು ಮೂಳೆ ಕಟ್ಟುತ್ತಿದ್ದರು, ಒಬ್ಬರು ಹೆರಿಗೆ ಮಾಡಿಸುತ್ತಿದ್ದರು, ಅತ್ತೆ ದೆವ್ವ ಬಿಡಿಸುತ್ತಿದ್ದರು. ಅರವತ್ತರ ದಶಕದ ನಡುವೆ ಯಾವಾಗಲೋ ನಾನು ಅನುಗೊಂಡನಹಳ್ಳಿ ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಹೊರಡುವ ದಿನ ನಮ್ಮ ಬೀದಿಯ ಹೆಂಗಸೊಬ್ಬಳು ನನ್ನ ತಾಯಿಗೆ, "ದೆವ್ವಾನೇ ಮರಕ್ಕೆ ಹೊಡೆಯೋ ಅತ್ತೆ ಕಣಕ್ಕ, ಸೊಸೆ ಯಾವ ಲೆಕ್ಕ" ಎಂದು ನಕ್ಕಳು. ನನ್ನ ತಾಯಿ ನಗಲಿಲ್ಲ.

ಇದನ್ನು ಸಿಟ್ಟಿಲ್ಲದೆ ಬರೆಯಬೇಕೆಂದು ಬಹಳ ವರ್ಷ ಕಾದೆ. ಸಿಟ್ಟು ಹೋಗಲಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯುತ್ತೇನೆ. ಕೇಳಿದ್ದಾದರೆ ಯಾರಿಂದ ಕೇಳಿದೆ ಎನ್ನುವುದನ್ನೂ ಹೇಳುತ್ತೇನೆ.

ಅತ್ತೆ ಗಟ್ಟಿಮುಟ್ಟಾದ ಹೆಂಗಸು. ಮಾವ ಬೇಗ ತೀರಿಕೊಂಡಿದ್ದರು. ಎರಡು ಎಕರೆ ರಾಗಿ ಹೊಲ, ಒಂದು ತುಂಡು ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳು. ಮಗ ಅಂದರೆ ನನ್ನ ಗಂಡ, ಮತ್ತು ಅವನಿಗಿಂತ ಚಿಕ್ಕವಳಾದ ಒಬ್ಬ ಮಗಳು. ನಾಲ್ಕನೆಯ ಜ್ವರ ಎದ್ದ ಹುಳು, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳು, ರಾಕ್ಷಸನ ಹಾಗೆ ತಿನ್ನುತ್ತದೆ. ಸೊಪ್ಪು ಹಾಕುವ ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ. ಆಗಲೇ ಯಾವುದೋ ಊರಿನ ಗಾಡಿ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. "ಸೊಸೆಗೆ ಗಾಳಿ ಮೆಟ್ಕೊಂಡೈತೆ ಕಣವ್ವ, ಬಂದ್ಬಿಡು." ಅತ್ತೆ ಹುಳುವಿನ ತಟ್ಟೆಗಳನ್ನು ಒಂದು ಸಲ ನೋಡುತ್ತಿದ್ದರು, ನನ್ನನ್ನು ಒಂದು ಸಲ ನೋಡುತ್ತಿದ್ದರು. ಆಮೇಲೆ ಮೊಳೆ ಸುತ್ತಿಗೆಯ ಚೀಲ ತೆಗೆದುಕೊಂಡು ಗಾಡಿ ಹತ್ತುತ್ತಿದ್ದರು. ವಾಪಸು ಬಂದರೆ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಂದು, ನೇರ ಹುಳುವಿನ ಕೋಣೆಗೆ. ದೆವ್ವದ ಮನೆಯ ಮೈಲಿಗೆ ಹುಳುವಿಗೆ ತಾಗಬಾರದು. ನಾವು ಉಂಡೆವೋ ಇಲ್ಲವೋ ಎಂದು ಕೇಳುವುದು ಅದಾದ ಮೇಲೆ.

ಮೊದಲ ಸಲ ನಾನು ಜೊತೆಗೆ ಹೋದದ್ದು ಎರಡು ಮೈಲಿ ಆಚೆಯ ಒಂದು ಹಳ್ಳಿಗೆ. ಹದಿನೆಂಟು ತುಂಬಿರದ ಹುಡುಗಿ ನಡುಮನೆಯಲ್ಲಿ ಕೂದಲು ಬಿಚ್ಚಿಕೊಂಡು ಕೂತು ತೂಗಾಡುತ್ತಿದ್ದಳು. ಅವಳ ಅತ್ತೆ ಪೊರಕೆ ಹಿಡಿದು ನಿಂತಿದ್ದಳು. ನನ್ನ ಅತ್ತೆ ಮೊದಲು ಆ ಪೊರಕೆ ಕಿತ್ತುಕೊಂಡು ಹೊರಗೆಸೆದರು. ಅವರು ಯಾರಿಗೂ ಹೊಡೆದದ್ದನ್ನು ನಾನು ಕಾಣಲಿಲ್ಲ. ಮನೆಯವರೆಲ್ಲ ಆ ಹುಡುಗಿಯ ಎದುರು ನೆಲದ ಮೇಲೆ ಕೂರಬೇಕು, ಯಜಮಾನನೂ ಕೂರಬೇಕು. ಅದು ಅವರ ಕ್ರಮ. ಬೇವಿನ ಸೊಪ್ಪಿನಿಂದ ಹುಡುಗಿಯ ತಲೆ ನೇವರಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು.

"ಯಾರು ನೀನು?"

"ಹಳೇ ಬಾವಿಯೋಳು."

"ಯಾಕೆ ಬಂದೆ?"

"ಹೊಟ್ಟೆ ಹಸಿದು ಬಂದೆ."

"ಏನು ಬೇಕು?"

ಹುಡುಗಿ ತೂಗುವುದನ್ನು ನಿಲ್ಲಿಸಿದಳು. ದನಿ ಒಡೆದಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. "ಇವಳಿಗೆ ಬಿಸಿ ಮುದ್ದೆ ಹಾಕ್ಬೇಕು. ಎಲ್ಲಾರೂ ಉಂಡು ಮಿಕ್ಕಿದ್ ತಂಗಳು ಹಾಕ್ಬಾರ್ದು. ಹಬ್ಬಕ್ಕೆ ಅವ್ವನ ಮನೆಗೆ ಕಳಿಸ್ಬೇಕು. ಬಸ್ಸಲ್ಲಿ ಕಳಿಸ್ಬೇಕು."

ಯಜಮಾನ ತಲೆ ಕೆರೆದುಕೊಂಡ. "ಅಲ್ಲ ಕಣವ್ವ, ದೆವ್ವಕ್ಕೆ ಬಸ್ಸು ಯಾಕೆ?"

"ನಿನ್ ಹೆಗಲ ಮೇಲೆ ಹೊತ್ಕೊಂಡ್ ಹೋಗ್ತೀಯೇನಪ್ಪಾ?" ಎಂದರು ಅತ್ತೆ. "ಹಂಗಾದ್ರೆ ಹೇಳು, ಒಪ್ಪಿಸ್ತೀನಿ. ಈಗಲೇ ಹತ್ಕೊಂತದೆ."

ಅವನು ಹಿಂದಕ್ಕೆ ಸರಿದ. ಪೊರಕೆ ಹಿಡಿದಿದ್ದ ಹೆಂಗಸು ಸೊಸೆಯ ಕಾಲ ಬುಡದಲ್ಲಿ ಕೈಮುಗಿದು, "ಆಯ್ತು ತಾಯಿ, ಬಿಸಿ ಮುದ್ದೇನೇ ಹಾಕ್ತೀನಿ, ಮಕ್ಕಳು ಮರಿ ಕಾಪಾಡು" ಎಂದಳು. ಯಜಮಾನ ಅತ್ತೆಯ ಅಂಗೈಗೆ ಅಂಗೈ ಹೊಡೆದು ಭಾಷೆ ಕೊಟ್ಟ. ಅತ್ತೆ ಹುಡುಗಿಯ ಒಂದು ಎಳೆ ಕೂದಲು ಕತ್ತರಿಸಿ, ಊರಾಚೆಯ ಹುಣಸೆ ಮರಕ್ಕೆ ಸುತ್ತಿ ಮೊಳೆ ಹೊಡೆದರು. ಮೊಳೆ ಅಲ್ಲಿರುವ ತನಕ ದೆವ್ವ ಮರದಲ್ಲಿರುತ್ತದೆ. ಕೊಟ್ಟ ಮಾತು ತಪ್ಪಿದರೆ ಮೊಳೆ ಸಡಿಲವಾಗುತ್ತದೆ. ಊರವರು ಹಾಗೆ ನಂಬಿದ್ದರು. ಹಾದುಹೋಗುವಾಗಲೆಲ್ಲ ಆ ಯಜಮಾನ ಮೊಳೆ ಮುಟ್ಟಿ ನೋಡುತ್ತಿದ್ದನಂತೆ.

ದಾರಿಯಲ್ಲಿ ನಾನು ಕೇಳಿದೆ, "ಅತ್ತೆ, ನಿಜವಾಗ್ಲೂ ದೆವ್ವ ಇರ್ತದಾ?"

"ಇರ್ತದೆ ಕಣಮ್ಮಿ. ಕೂತಿರೋಳ ಮೈಯಾಗೇ ಇರ್ಬೇಕು ಅಂತ ಏನಿಲ್ಲ. ಒಂದೊಂದ್ಸಲ ಪೊರಕೆ ಹಿಡ್ಕಂಡ್ ನಿಂತಿರ್ತದೆ."

ನನಗೆ ನಗು ಬಂತು. ಮನೆ ಮುಟ್ಟುವ ಹೊತ್ತಿಗೆ ಆ ನಗು ಸಿಟ್ಟಾಗಿತ್ತು. ಆ ಹುಡುಗಿ ಅದೇ ಮಾತನ್ನು ತಲೆ ಬಾಚಿಕೊಂಡು, ಕುಂಕುಮ ಇಟ್ಟುಕೊಂಡು, ತನ್ನ ಬಾಯಲ್ಲಿ ಹೇಳಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಬಾವಿಯಲ್ಲಿ ಬಿದ್ದು ಸತ್ತವಳ ಹೆಸರಿನಲ್ಲಿ ಹೇಳಿದ್ದಕ್ಕೆ ಮುದ್ದೆ ಬಿಸಿಯಾಯಿತು. ಬದುಕಿರುವ ಹೆಣ್ಣಿನ ಹಸಿವಿಗೆ ಕಿವುಡರು, ಸತ್ತವಳ ಹಸಿವಿಗೆ ಕೈಮುಗಿಯುವವರು. ಅತ್ತೆಗೆ ಇದು ಗೊತ್ತಿತ್ತು. ಗೊತ್ತಿದ್ದೇ ಊರೂರು ತಿರುಗುತ್ತಿದ್ದರು.

ಅವರಿಗೆ ಈ ವಿದ್ಯೆ ಬಂದದ್ದು ಅವರ ತಾಯಿಯಿಂದ. ಜೊತೆಗೊಂದು ಕಟ್ಟಳೆಯೂ ಬಂದಿತ್ತು: ಬಿಡಿಸುವವಳ ಮೈಮೇಲೆ ಯಾವತ್ತೂ ಬರಬಾರದು. ಒಂದು ಸಲ ಬಂದರೆ ಮುಗಿಯಿತು. ಆಮೇಲೆ ಅವಳು ಬೇವಿನ ಸೊಪ್ಪು ಹಿಡಿಯುವಂತಿಲ್ಲ. ಅತ್ತೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. "ನಮ್ ಮನೆ ಹೊಸ್ಲು ದಾಟೋ ಧೈರ್ಯ ಯಾವ ದೆವ್ವಕ್ಕೂ ಇಲ್ಲ."

ಆ ಹೆಮ್ಮೆಯೇ ನಮ್ಮನ್ನು ಹಾಳು ಮಾಡಿತು.

ನಾದಿನಿಗೆ ದೇವನಹಳ್ಳಿ ಆಚೆಯ ಒಂದು ಮನೆಯಿಂದ ಸಂಬಂಧ ಬಂತು. ನಮಗಿಂತ ಅನುಕೂಲವಾಗಿದ್ದವರು, ಚಕ್ಕೋತದ ತೋಟ, ಎರಡು ಜೊತೆ ಎತ್ತು. ಅಂಥವರು ನಮ್ಮ ಮನೆಗೆ ಯಾಕೆ ಬಂದರೆಂದರೆ, ಅವರ ಮನೆಯಲ್ಲಿ ಹಿಂದೆ ಒಬ್ಬ ಸೊಸೆಗೆ ಗಾಳಿ ಮೆಟ್ಟಿ ಆಕೆ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ದೆವ್ವ ಬಿಡಿಸುವವಳ ಮಗಳು ಬಂದರೆ ಮನೆಗೇ ಕಾವಲು ಎನ್ನುವುದು ಅವರ ಲೆಕ್ಕ. ವೀಳ್ಯ ಬದಲಾಯಿಸುವ ದಿನ ಬೀಗರು ಎಲ್ಲರೆದುರು ಕೇಳಿದರು, "ಏನಮ್ಮಾ, ನಿನ್ ಮಗಳಿಗೆ ಅಂಥದ್ದೇನೂ ಬರಲ್ಲ ತಾನೆ?"

ಅತ್ತೆ ಬೀಗರ ಅಂಗೈಗೆ ತಮ್ಮ ಅಂಗೈ ಹೊಡೆದರು. "ನನ್ ಮಗಳ ಮೈ ಸೋಕೋ ದೆವ್ವ ಇನ್ನೂ ಹುಟ್ಟಿಲ್ಲ. ಇಗೋ ಭಾಷೆ."

ನಾನು ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆ ಅಂಗೈ ಶಬ್ದ ನನಗೆ ಹಿತವಾಗಿಯೇ ಕೇಳಿಸಿತು. ಅತ್ತೆ ತಮ್ಮ ಮಗಳಿಗಿದ್ದ ಒಂದೇ ಬಾಗಿಲನ್ನು ಹೊರಗಿನಿಂದ ಮುಚ್ಚಿದರೆಂದು ಅವತ್ತು ನನಗೂ ಹೊಳೆಯಲಿಲ್ಲ.

ಎರಡು ವರ್ಷ ಕಳೆಯಿತು. ಎಪ್ಪತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ನಾದಿನಿಗೆ ಮೂರು ತಿಂಗಳ ಬಸಿರು ಇಳಿಯಿತೆಂದು ಸುದ್ದಿ ಬಂತು. ಅತ್ತೆ ಹೋಗಿ ನೋಡಿಕೊಂಡು ಬಂದರು. "ಸೊರಗವ್ಳೆ. ಮಾತಾಡ್ಲಿಲ್ಲ. ಅವರತ್ತೆ ಪಕ್ಕದಲ್ಲೇ ಕೂತಿದ್ಲು" ಎಂದರು. ಅಷ್ಟೇ. ಅದಾಗಿ ಹದಿನೈದು ದಿನಕ್ಕೆ, ಬೆಳಗಿನ ಹೊತ್ತು, ನಾದಿನಿಯ ಮೈದುನ ಸೈಕಲ್ಲಿನಲ್ಲಿ ಬಂದ. ನಮ್ಮ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ. ಅವನು ಸೈಕಲ್ಲಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ ಹೇಳಿದ.

"ಅತ್ತಿಗೆ ಮೈಮೇಲೆ ಗಾಳಿ ಬಂದೈತೆ. ಅವ್ವನ ಮನೆಗೆ ಕಳಿಸಿ, ಕಳಿಸಿ ಅಂತದೆ. ನೀವು ಭಾಷೆ ಕೊಟ್ಟಿದ್ರಲ್ಲ, ನಮ್ಮಪ್ಪ ಕೇಳ್ಕಂಡ್ ಬಾ ಅಂದ. ನೀವು ಬಂದು ಬಿಡಿಸ್ತೀರೋ, ನಾವೇ ಯಾರನ್ನಾದ್ರೂ ಕರೆಸೋದೋ?"

ಅತ್ತೆಯ ಮುಖ ಕೆಂಪಾಯಿತು. "ನನ್ ಮಗಳಿಗೆ ಬರಲ್ಲ ಕಣಯ್ಯ. ಅದು ಹುಟ್ಟಿದಾಗಿಂದ ಇದನ್ನೇ ನೋಡ್ಕಂಡ್ ಬೆಳೆದದ್ದು. ತವರಿಗೆ ಬರೋ ಆಸೆಗೆ ಆಟ ಕಟ್ಟವ್ಳೆ. 'ಆಟ ಬಿಟ್ಟು ಮನೆ ಕೆಲಸ ನೋಡ್ಕಾ ಅಂದ್ಳು ನಿಮ್ಮವ್ವ' ಅಂತ ಅವಳಿಗೆ ಹೇಳು."

"ಹಂಗಾದ್ರೆ ಬರಲ್ವಾ?"

"ಹುಳ ಹಣ್ಣಾಗೈತೆ, ಕಾಣ್ಸಲ್ವಾ?"

ನನಗೆ ತಕ್ಷಣ ತಿಳಿಯಿತು. ಇದನ್ನು ಬರೆಯುವುದು ನನಗೆ ಎಲ್ಲಕ್ಕಿಂತ ಕಷ್ಟ. ನನಗೆ ಆ ಕ್ಷಣವೇ ತಿಳಿಯಿತು. ಎಷ್ಟೋ ಮನೆಗಳಲ್ಲಿ ಅತ್ತೆಯ ಹಿಂದೆ ಕೂತು ಮೂರನೆಯ ಪ್ರಶ್ನೆಗೆ ಬಂದ ಉತ್ತರ ಕೇಳಿದ್ದೆ. ಇದು ಅದೇ ಉತ್ತರ. ನಾನು ಬಾಯಿ ತೆರೆದೆ. ಅತ್ತೆ, "ನಿಂತ್ಕಂಡೇನ್ ನೋಡ್ತೀಯೆ, ಚಂದ್ರಿಕೆ ತಾ" ಎಂದರು. ನಾನು ತಂದುಕೊಟ್ಟೆ. ನನ್ನ ಗಂಡ, "ಅವ್ವ ಹೇಳಿದ್ ಮೇಲೆ ಮುಗೀತಲ್ಲ" ಎಂದ. ಪರರ ಹೆಣ್ಣುಮಕ್ಕಳಿಗಾಗಿ ನಾಲ್ಕನೇ ಜ್ವರದ ಹುಳುವನ್ನೂ ಬಿಟ್ಟು ಎದ್ದು ಹೋಗುತ್ತಿದ್ದ ಹೆಂಗಸು, ತನ್ನ ಮಗಳಿಗಾಗಿ ಏಳಲಿಲ್ಲ. ಎದ್ದರೆ ಭಾಷೆ ಸುಳ್ಳಾಗುತ್ತಿತ್ತು. ಸೈಕಲ್ಲು ತಿರುಗಿ ಹೋಯಿತು.

ಐದನೆಯ ದಿನ ನನ್ನ ಗಂಡ ಗೂಡು ಮಾರಲು ವಿಜಯಪುರದ ಮಾರುಕಟ್ಟೆಗೆ ಹೋಗಿದ್ದ. ಆರನೆಯ ದಿನ ಬೆಳಗ್ಗೆ ತಿರುಗಿ ಬಂದವನು ಕಾಲು ತೊಳೆಯದೆ ಜಗಲಿಯಲ್ಲಿ ಕೂತ. ನಾದಿನಿಯ ಊರಿನ ಒಬ್ಬ ರೈತ ಮಾರುಕಟ್ಟೆಯಲ್ಲಿ ಸಿಕ್ಕಿದ್ದನಂತೆ. ಬೀಗರು ಯಾರೋ ಒಬ್ಬನನ್ನು ಕರೆಸಿದ್ದರು. ಅವನು ಕೆಂಡಕ್ಕೆ ಒಣಮೆಣಸಿನಕಾಯಿ ಸುರಿದು, ಅವಳ ತಲೆಯನ್ನು ಅದರ ಮೇಲೆ ಬಗ್ಗಿಸಿ, ಕಂಬಳಿ ಮುಚ್ಚಿ ಹಿಡಿದಿದ್ದ. ಅಷ್ಟಕ್ಕೂ ದೆವ್ವ ಮಾತು ಬದಲಿಸದಿದ್ದಾಗ ಕಣ್ಣಿಗೆ ಖಾರದ ಪುಡಿ ತಿಕ್ಕಿದ್ದ.

"ದೆವ್ವ ಏನಂತಿತ್ತಂತೆ?" ಎಂದು ಕೇಳಿದವಳು ನಾನು.

ನನ್ನ ಗಂಡ ತಲೆ ಎತ್ತದೆ ಹೇಳಿದ. "'ಇವಳ ಹೊಟ್ಟೆಗೆ ಒದ್ದೋನು ಈ ಮನೇಲೇ ಅವ್ನೆ. ಇವಳನ್ನ ಇಲ್ಲಿಂದ ಕಳಿಸಿ' ಅಂತಿತ್ತಂತೆ."

ಸೈಕಲ್ಲಿನವನು ಅರ್ಧ ಮಾತು ಮಾತ್ರ ತಂದಿದ್ದ.

ಅತ್ತೆ ಅಳಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಮಗ ಎದ್ದು ನಿಂತ. "ನೀನು ಇರು. ಗಂಡಸು ಬಂದ್ರೆ ಹೊಡೆದಾಟ ಆಗ್ತದೆ, ಹೊಡೆದಾಟದಲ್ಲಿ ಮಾತು ಮುಚ್ಚೋಗ್ತದೆ" ಎಂದು ನನ್ನ ಕಡೆ ತಿರುಗಿ, "ನಡಿಯೇ" ಎಂದರು. ಮೊಳೆಯ ಚೀಲ ಗೂಟದಲ್ಲೇ ಇತ್ತು. ಅದನ್ನು ಬಿಟ್ಟು ಅವರು ಹೊರಟದ್ದು ಅದೇ ಮೊದಲು.

ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ದೇವನಹಳ್ಳಿಯಲ್ಲಿಳಿದು, ಅಲ್ಲಿಂದ ನಡೆದೆವು. ಮುಟ್ಟಿದಾಗ ಮಧ್ಯಾಹ್ನ. ಬೀಗರು ಅಂಗಳದ ಕಲ್ಲಿನ ಮೇಲೆ ಕೂತಿದ್ದರು. ನಾದಿನಿಯ ಗಂಡ ಕೊಟ್ಟಿಗೆಯ ಕಂಬಕ್ಕೆ ಒರಗಿದ್ದ. ಬನ್ನಿ ಎನ್ನಲಿಲ್ಲ ಯಾರೂ.

ಅತ್ತೆ ಕೈಮುಗಿದು ಕೇಳಿದರು. ಇದನ್ನು ನಾನು ಒತ್ತಿ ಹೇಳಬೇಕು: ಅವರು ಮೊದಲು ಮನುಷ್ಯಳಾಗಿ, ತಾಯಾಗಿ, ತಲೆ ಬಾಚಿಕೊಂಡು ಕೇಳಿದರು. "ಬೀಗರೇ, ನನ್ ಮಗಳನ್ನ ಕಳಿಸ್ಕೊಡಿ. ಕಣ್ಣಿಗೆ ಆಸ್ಪತ್ರೇಲಿ ತೋರಿಸ್ಕೊಂಡ್ ಬರ್ತೀನಿ."

"ಯಾವ ಕಣ್ಣು? ಬಿಡಿಸಾಯ್ತು, ಸರಿ ಹೋಯ್ತು" ಎಂದರು ಬೀಗರು. "ನೀನೇ ಹೇಳಿ ಕಳಿಸ್ದಲ್ಲಮ್ಮಾ, ಆಟ ಕಟ್ಟವ್ಳೆ ಅಂತ? ಆಟ ಬಿಡಿಸಿದೀವಿ."

"ತಪ್ಪಾಯ್ತು ನಂದು."

"ಅಂಗೈ ಹೊಡೆದು ಭಾಷೆ ಕೊಟ್ಟೋಳು ನೀನು" ಎಂದರು ಬೀಗರು. ನಾದಿನಿಯ ಗಂಡ ಕಂಬದ ಬಳಿಯಿಂದ ಸಣ್ಣಗೆ ನಕ್ಕ. ಆ ನಗು ನನಗೆ ಇವತ್ತಿಗೂ ಮುಖ ಸಮೇತ ನೆನಪಿದೆ. ಅವನು ಈಗ ಬದುಕಿಲ್ಲ. ಅದರಿಂದ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಅತ್ತೆ ಮುಗಿದ ಕೈ ಬಿಟ್ಟರು. ಅಂಗಳದ ನಡುವೆ ಕೂತರು. ತುರುಬಿಗೆ ಕೈ ಹಾಕಿ ಬಿಚ್ಚಿದರು. ಅವರ ಕೂದಲು ಅಷ್ಟು ಬಿಳುಪಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ತೂಗಲು ಶುರು ಮಾಡಿದರು, ನಿಧಾನವಾಗಿ, ಆಮೇಲೆ ಜೋರಾಗಿ. ನನ್ನ ಕಡೆ ನೋಡಿದರು. ಏನು ಮಾಡಬೇಕೆಂದು ನನಗೆ ಅರ್ಥವಾಯಿತು. ಬೇಲಿಯಲ್ಲಿದ್ದ ಬೇವಿನ ಕೊಂಬೆ ಮುರಿದುಕೊಂಡು ಬಂದು ಎದುರು ನಿಂತೆ.

"ಯಾರು ನೀನು?"

"ಒಬ್ಬಳಲ್ಲ." ಅದು ಅತ್ತೆಯ ದನಿಯಾಗಿರಲಿಲ್ಲ. "ಇವಳು ಮರಕ್ಕೆ ಹೊಡೆದೋರೆಲ್ಲಾ ಬಂದೀವಿ. ಮೊಳೆ ಕಿತ್ಕೊಂಡ್ ಬಂದೀವಿ."

ಮನೆಯೊಳಗೆ ಪಾತ್ರೆ ಬಿದ್ದ ಸದ್ದಾಯಿತು. ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕತೊಡಗಿದ್ದರು.

"ಯಾಕೆ ಬಂದೆ?"

"ಬಾಗ್ಲು ತೆಗೆಯೋಕೆ."

"ಏನು ಬೇಕು?"

"ಒಳಗಿರೋ ಹುಡುಗಿ. ಈಗಲೇ. ಇಲ್ದಿದ್ರೆ ಒಬ್ಬೊಬ್ಬರ ಮೈಗೂ ಒಬ್ಬೊಬ್ಬರು ಇಳೀತೀವಿ. ಬಿಡಿಸೋಳು ಇವಳೊಬ್ಬಳೇ ಇದ್ಲು. ಈಗ ಇವಳೂ ನಮ್ಮೋಳೇ."

ಬೀಗರು ಕಲ್ಲಿನಿಂದ ಎದ್ದಿದ್ದರು. ಗಂಡನ ನಗು ನಿಂತಿತ್ತು. ನಾದಿನಿಯ ಅತ್ತೆ ಒಳಗಿಂದ ಅವಳನ್ನು ತೋಳು ಹಿಡಿದು ಕರೆತಂದು, ಮುಟ್ಟಿದರೆ ಸುಡುವ ವಸ್ತುವಿನ ಹಾಗೆ ನನ್ನ ಕಡೆ ತಳ್ಳಿದಳು. "ಕರ್ಕೊಂಡ್ ಹೋಗ್ರವ್ವ, ನಮ್ ಮನೆ ಬಿಟ್ಟು ಹೋಗಿ." ಬೀಗರು ಅಂಗೈ ಮುಂದೆ ಚಾಚಿ, ಅವಳನ್ನು ಇನ್ನು ಇತ್ತ ಕರೆಯುವುದಿಲ್ಲ ಎಂದು ಭಾಷೆ ಕೊಟ್ಟರು. ಅದಕ್ಕೆ ಅಂಗೈ ಹೊಡೆದವಳು ನಾನು.

ನಾದಿನಿಯ ಮುಖವನ್ನು ನಾನು ವರ್ಣಿಸುವುದಿಲ್ಲ. ಬಲಗಣ್ಣು ಮುಚ್ಚಿಕೊಂಡು ಊದಿತ್ತು. ಎಡಗಣ್ಣಿನಿಂದ ಅಂಗಳದಲ್ಲಿ ತೂಗುತ್ತಿದ್ದ ತಾಯಿಯನ್ನು ಸುಮ್ಮನೆ ನೋಡುತ್ತಿದ್ದಳು.

ಅವತ್ತು ಅತ್ತೆಗೆ ನಿಜವಾಗಿ ಬಂದಿತ್ತೋ, ಅದೂ ಆಟವೋ, ನನಗೆ ಗೊತ್ತಿಲ್ಲ. ಊರ ಗಡಿ ದಾಟಿದ ಮೇಲೂ ಅವರ ಹಲ್ಲು ಕಟಕಟಿಸುತ್ತಿತ್ತು, ಅಂಗೈ ಮಂಜಿನಷ್ಟು ತಣ್ಣಗಿತ್ತು. ಇದು ಎರಡಕ್ಕೂ ಸಾಕ್ಷಿಯಾದೀತು. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ನಾದಿನಿ ನಡುವೆ. ಬಹಳ ಹೊತ್ತಿನ ಮೇಲೆ ಅವಳು ಬಾಯಿ ಬಿಟ್ಟಳು.

"ಅಂತೂ ನಿಂಗೂ ಬಂತಾ ಅವ್ವ?"

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಆರು ದಿನ ಮೊದಲೇ ಬಂದಿದ್ರೆ ಆಗ್ತಿತ್ತು" ಎಂದಳು ನಾದಿನಿ. ಅಷ್ಟೇ ಹೇಳಿದ್ದು. ಮುಂದೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ಕಣ್ಣು ಉಳಿಯಿತು. ಇನ್ನೊಂದರಲ್ಲಿ ಬಿಳಿ ಹೂವು ಕೂತು ನೋಟ ಹೋಯಿತು.

ಅತ್ತೆ ಕಟ್ಟಳೆಗೆ ತಲೆಬಾಗಿ ಬೇವಿನ ಸೊಪ್ಪು ಬಿಟ್ಟರು. ಗಾಡಿ ಬಂದರೆ, "ನನ್ ಮೈಮೇಲೆ ಬಂದೋಯ್ತು ಕಣಪ್ಪ, ನನ್ನಿಂದಾಗಲ್ಲ" ಎಂದು ಬಾಗಿಲಿಂದಲೇ ಕಳಿಸುತ್ತಿದ್ದರು. ಗಾಡಿಗಳು ಕಡಿಮೆಯಾದವು. ಮನೆಯಲ್ಲಿ ನೆಮ್ಮದಿಯಾಯಿತೆಂದು ನನ್ನ ಗಂಡ ಹೇಳಿದ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಸೊಪ್ಪು. ಆ ನೆಮ್ಮದಿ ನನಗೆ ಒಗ್ಗಲಿಲ್ಲ. ತಿರುಗಿ ಹೋದ ಒಂದೊಂದು ಗಾಡಿಯೂ ಯಾವ ಮನೆಗೆ ಹೋಯಿತು, ಅಲ್ಲಿ ಕೂತಿದ್ದವಳ ಮಾತು ಯಾರು ಕೇಳಿದರು?

ಒಂದು ವರ್ಷದ ಮೇಲಿರಬೇಕು. ಹುಳು ಚಿಕ್ಕದು, ಎರಡನೇ ಜ್ವರ ಎದ್ದಿತ್ತು. ನಾನೂ ನಾದಿನಿಯೂ ಪಡಸಾಲೆಯಲ್ಲಿ ಸೊಪ್ಪು ಕೊಚ್ಚುತ್ತಿದ್ದೆವು. ಗಾಡಿಯಲ್ಲಿ ಒಬ್ಬ ಮುದುಕ ಬಂದ. ಸೊಸೆಗೆ ಗಾಳಿ ಎಂದ. ಅತ್ತೆ ಎಂದಿನಂತೆ ಆಗುವುದಿಲ್ಲ ಎಂದರು.

"ಏನ್ ಮಾಡೋದು ಹಂಗಾದ್ರೆ" ಎಂದ ಮುದುಕ. ಕೆಟ್ಟ ಮನುಷ್ಯನಂತೇನೂ ಕಾಣಲಿಲ್ಲ. "ಆ ಮೆಣಸಿನಕಾಯಿ ಹೊಗೆ ಹಾಕೋನನ್ನೇ ಕರೆಸ್ತೀವಿ."

ನಾದಿನಿಯ ಕತ್ತಿ ನಿಂತಿತು. ಅವಳು ಎದ್ದು, ಕೈಗಂಟಿದ ಸೊಪ್ಪು ಸೀರೆಗೆ ಒರೆಸಿಕೊಂಡಳು. "ಗಾಡಿ ತಿರುಗ್ಸು ತಾತ. ನಾನು ಬರ್ತೀನಿ."

"ಬಂದೋಳು ಬಿಡಿಸಬಾರ್ದು ಕಣೆ" ಎಂದರು ಅತ್ತೆ.

"ಯಾರು ಹೇಳಿದ್ದು?"

"ನಮ್ಮವ್ವ."

"ನಿಮ್ಮವ್ವಂಗೆ ಎರಡು ಕಣ್ಣೂ ಚೆನ್ನಾಗಿದ್ವಲ್ಲ."

ಅತ್ತೆ, "ನಿಂಗೆ ಆ ಕೆಲಸ ಗೊತ್ತೇನೆ?" ಎಂದರು.

"ಕೂತ್ಕೊಳ್ಳೋ ಕಡೆಯಿಂದ ಗೊತ್ತು."

ಮುದುಕ ಅವಳ ಬಿಳಿಗಣ್ಣನ್ನು ನೋಡಿ ಹಿಂಜರಿದ. "ನೀನು... ಸಣ್ಣೋಳು ಕಣವ್ವ. ಏನೇನ್ ಬೇಕು ನಿಂಗೆ? ನಿಂಬೆಹಣ್ಣು, ಕೋಳಿ?"

"ನಿನ್ ಹೆಂಡ್ತಿ ಎದುರುಗಡೆ ಕೂರ್ಬೇಕು. ನಿನ್ ಮಗನೂ. ನೀನೂ. ಅವಳು ಮಾತಾಡಿ ಮುಗಿಸೋ ತನಕ ಯಾರೂ ಏಳ್ಬಾರ್ದು. ಕೋಳಿ ಗೀಳಿ ಬೇಡ."

ಅತ್ತೆ ಒಳಗೆ ಹೋಗಿ ಗೂಟದಿಂದ ಚೀಲ ತೆಗೆದು, ಧೂಳು ಕೊಡವಿ, ತಂದು ಚಾಚಿದರು. ಮೊಳೆಗಳು ಗಲಗಲ ಎಂದವು.

"ಮೊಳೆ ಬೇಡ" ಎಂದಳು ನಾದಿನಿ. "ದೆವ್ವ ಹೋಗಬಾರ್ದು. ಅಲ್ಲೇ ಇದ್ದು ಆ ಮನೆಯೋರನ್ನ ಕಾಯ್ಲಿ."

ಗಾಡಿ ಹೊರಟಿತು. ಅತ್ತೆ ಅದು ತಿರುವಿನಲ್ಲಿ ಮರೆಯಾಗುವ ತನಕ ಚೀಲ ಹಿಡಿದು ನಿಂತಿದ್ದರು. ಆಮೇಲೆ ಅದನ್ನು ಹೊಸ್ತಿಲ ಬಳಿ ಇಟ್ಟು, ಮಗಳು ಕೂತಿದ್ದ ಜಾಗದಲ್ಲಿ ಕೂತು, ಅವಳು ಬಿಟ್ಟುಹೋದ ಸೊಪ್ಪನ್ನು ಕೊಚ್ಚತೊಡಗಿದರು. ನಾನು ಅವರ ಮುಖ ನೋಡಲಿಲ್ಲ. ಅವರೂ ನನ್ನ ಮುಖ ನೋಡಲಿಲ್ಲ. ಹುಳು ಹಸಿದಿತ್ತು.